ಡಂಪ್ ಮಣ್ಣಿನ ಬ್ಯಾಕ್ಟೀರಿಯಾಗೆ ಹೆಸರು ಕೊಡುವ ಮುಂಚೆ

ಪ್ರಶ್ನೆ: ಮೇಡಂ, ನಾನು ಎಂ.ಎಸ್ಸಿ. ಮೈಕ್ರೋಬಯಾಲಜಿ ಕೊನೆಯ ವರ್ಷದ ವಿದ್ಯಾರ್ಥಿನಿ. ನಮ್ಮದು ಕರಾವಳಿ. ಊರ ಹೊರಗಿನ ಕಸದ ಡಂಪ್‌ನ ಮಣ್ಣಿನಲ್ಲಿ ಯಾವ ಬ್ಯಾಕ್ಟೀರಿಯಾ ಇವೆ ಎಂದು ಡಿಎನ್‌ಎ ಮೂಲಕ ಗುರುತಿಸುವುದು ನನ್ನ ಪ್ರಾಜೆಕ್ಟ್. ಸ್ವಲ್ಪ ಮಣ್ಣು ತಂದು ಪ್ಲೇಟ್‌ನಲ್ಲಿ ಬೆಳೆಸಿದೆ, ಬೇರೆ ಬೇರೆ ಥರದ 12 ಕಾಲನಿ (ಕಣ್ಣಿಗೆ ಕಾಣುವ ಬ್ಯಾಕ್ಟೀರಿಯಾ ಗುಂಪು) ಬಂದಿವೆ. ಇವಕ್ಕೆ 16ಎಸ್ (ಒಂದು ಜೀನ್ ಓದಿ ಜಾತಿ ಗುರುತಿಸುವ ಪರೀಕ್ಷೆ) ಮಾಡಿಸಲಾ, ಇಲ್ಲ ನೇರವಾಗಿ ಮಣ್ಣಿನಿಂದಲೇ ಡಿಎನ್‌ಎ ತೆಗೆದು ಮೆಟಾಜಿನೋಮಿಕ್ಸ್ (ಎಲ್ಲ ಜೀವಿಗಳ ಡಿಎನ್‌ಎಯನ್ನೂ ಒಟ್ಟಿಗೆ ಓದುವುದು) ಮಾಡಿಸಲಾ? ರೋಗ ತರುವಂಥವು, ಪ್ಲಾಸ್ಟಿಕ್ ತಿನ್ನುವಂಥವು ಇವೆಯಾ ಎಂದು ಇದರಿಂದ ಹೇಳಬಹುದಾ? ಸ್ಯಾಂಪಲ್‌ಗೆ ಹೋದಾಗ ಪಕ್ಕದ ಹಳ್ಳಿಯವರು 'ನಮ್ಮ ಬಾವಿ ನೀರು ಕುಡಿಯಬಹುದಾ ಮಗಾ' ಎಂದು ಕೇಳಿದರು. ಅವರಿಗೆ ಏನು ಹೇಳಲಿ?

ಉತ್ತರ: ನಿಮ್ಮ ಪತ್ರದಲ್ಲಿ ಇರುವುದು ಒಂದು ಪ್ರಶ್ನೆ ಅಲ್ಲ, ನಾಲ್ಕು. ಪ್ಲೇಟ್ ಮೇಲಿನ ಈ 12 ಕಾಲನಿ ಯಾವುವು? ಮಣ್ಣಿನಲ್ಲಿ ಒಟ್ಟಾರೆ ಯಾರ್ಯಾರಿದ್ದಾರೆ? ಅವರು ಅಲ್ಲಿ ಏನು ಮಾಡುತ್ತಿದ್ದಾರೆ? ಬಾವಿ ನೀರು ಸರಿಯಿದೆಯಾ? ಈ ನಾಲ್ಕಕ್ಕೂ ದಾರಿ ಬೇರೆ ಬೇರೆ. ಒಂದೇ ಪರೀಕ್ಷೆ ಮಾಡಿಸಿ ನಾಲ್ಕಕ್ಕೂ ಉತ್ತರ ಬರೆಯಲು ಹೊರಟಾಗಲೇ ಹೆಚ್ಚಿನ ಪ್ರಾಜೆಕ್ಟ್‌ಗಳು ಎಡವುವುದು.

ಕೊನೆಯ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಅಲ್ಲಿ ಒಂದು ಮನೆಯವರು ಉತ್ತರಕ್ಕೆ ಕಾಯುತ್ತಿದ್ದಾರೆ. ಬಾವಿ ನೀರಿಗೆ ಡಿಎನ್‌ಎ ಬೇಕಿಲ್ಲ. ಅದಕ್ಕೆ ಮಲ ಬೆರೆತ ಸುಳಿವು ಕೊಡುವ ಬ್ಯಾಕ್ಟೀರಿಯಾ ಹುಡುಕುವ ಹಳೆಯ ಕೋಲಿಫಾರ್ಮ್ ಪರೀಕ್ಷೆಯೇ ಸಾಕು, ಅದೇ ಸರಿ ಕೂಡ. ನಮ್ಮ ದೇಶದ ಕುಡಿಯುವ ನೀರಿನ ಮಾನದಂಡ ಐಎಸ್ 10500. ಅದರ ಪ್ರಕಾರ 100 ಮಿಲಿ ನೀರಿನಲ್ಲಿ ಇ. ಕೊಲೈ ಒಂದೂ ಸಿಗಬಾರದು. ಜೊತೆಗೆ ನೈಟ್ರೇಟ್ ಮತ್ತು ಕ್ಲೋರೈಡ್ ನೋಡಿಸಿ. ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ದಾಟಬಾರದು. ಕಸದ ಕೊಳೆನೀರಿನಲ್ಲಿ ಕ್ಲೋರೈಡ್ ಜಾಸ್ತಿ ಇರುತ್ತದೆ. ಮಣ್ಣು ಅದನ್ನು ಹಿಡಿದಿಟ್ಟುಕೊಳ್ಳುವುದಿಲ್ಲ. ನೀರು ಹೋದ ಕಡೆಗೆಲ್ಲ ಅದೂ ಹೋಗುತ್ತದೆ. ಹಾಗಾಗಿ ಕೊಳೆನೀರು ಬಾವಿ ಮುಟ್ಟಿದೆಯಾ ಎನ್ನುವುದಕ್ಕೆ ಅದು ಒಳ್ಳೆಯ ಸುಳಿವು. ಆದರೆ ನಿಮ್ಮದು ಕರಾವಳಿ. ಉಪ್ಪುನೀರು ಒಳಗೆ ನುಗ್ಗಿದರೂ ಕ್ಲೋರೈಡ್ ಏರುತ್ತದೆ. ಅದಕ್ಕೆ ಡಂಪ್‌ನಿಂದ ದೂರದ, ಸಮುದ್ರದಿಂದ ಅಷ್ಟೇ ಅಂತರದ ಇನ್ನೊಂದು ಬಾವಿಯ ನೀರನ್ನೂ ಜೊತೆಗೇ ಪರೀಕ್ಷೆಗೆ ಕೊಡಿ. ಮುರಕಲ್ಲಿನ ನೆಲದಲ್ಲಿ ತೂತು, ಸಂದು ಜಾಸ್ತಿ, ಮಳೆಗಾಲದಲ್ಲಿ ನೀರು ಬೇಗ ಇಳಿಯುತ್ತದೆ. ಒಮ್ಮೆ ಬೇಸಿಗೆಯಲ್ಲಿ, ಒಮ್ಮೆ ಮಳೆ ಶುರುವಾದ ಮೇಲೆ ಮಾಡಿಸಿದರೆ ಒಳ್ಳೆಯದು. ವರದಿ ಬರುವ ತನಕ ನೀರು ಕುದಿಸಿ ಕುಡಿಯಲು ಹೇಳಿ. ಕುದಿಸಿದರೆ ಸೂಕ್ಷ್ಮಜೀವಿಗಳು ಸಾಯುತ್ತವೆ, ನೈಟ್ರೇಟ್ ಹೋಗುವುದಿಲ್ಲ. ಅದನ್ನೂ ಹೇಳಿ.

ಈಗ ನಿಮ್ಮ ಪ್ರಾಜೆಕ್ಟ್‌ಗೆ ಬರೋಣ.

ಒಂದು ಗ್ರಾಂ ಮಣ್ಣಿನಲ್ಲಿ 100 ಕೋಟಿಯಷ್ಟು ಬ್ಯಾಕ್ಟೀರಿಯಾ ಇರಬಹುದು, ಸಾವಿರಾರು ಜಾತಿಯವು. ನಿಮ್ಮ ಪ್ಲೇಟ್‌ಗೆ ಬಂದವು 12. ಇದು ನಿಮ್ಮ ತಪ್ಪಲ್ಲ. ಮೈಕ್ರೋಸ್ಕೋಪಿನಲ್ಲಿ ಕಾಣುವುದರಲ್ಲಿ ನೂರಕ್ಕೆ ಒಂದು ಪಾಲು ಪ್ಲೇಟ್ ಮೇಲೆ ಬೆಳೆದರೆ ಹೆಚ್ಚು ಎನ್ನುವುದು ಮಣ್ಣಿನ ಕೆಲಸ ಮಾಡುವವರಿಗೆಲ್ಲ ಗೊತ್ತಿರುವ ಮಾತು. ಅದರಲ್ಲೂ ಡಂಪ್‌ನಲ್ಲಿ ಈ ಕಷ್ಟ ಇನ್ನೂ ಹೆಚ್ಚು. ಕಸದ ಗುಡ್ಡದ ಒಳಗೆ ಆಮ್ಲಜನಕ ಇರುವುದಿಲ್ಲ. ಬಿಸಿ 50 ಡಿಗ್ರಿ ದಾಟುವುದೂ ಉಂಟು. ಅಲ್ಲಿ ಬದುಕುವ ಕ್ಲಾಸ್ಟ್ರಿಡಿಯಂ ಥರದವು ನಿಮ್ಮ ಇನ್‌ಕ್ಯುಬೇಟರಿನ ಗಾಳಿಯಲ್ಲಿ, 37 ಡಿಗ್ರಿಯಲ್ಲಿ, ನ್ಯೂಟ್ರಿಯಂಟ್ ಅಗರ್ ಮೇಲೆ ಬೆಳೆಯಲಿ ಎಂದರೆ ಹೇಗೆ ಬೆಳೆದಾವು? ನಿಮ್ಮ 12ರಲ್ಲಿ ಬ್ಯಾಸಿಲಸ್ ಮತ್ತು ಸ್ಯೂಡೋಮೋನಾಸ್ ಹೆಚ್ಚಿರುತ್ತವೆ ಎಂದು ನೋಡದೆಯೇ ಹೇಳಬಲ್ಲೆ. ಅವು ಪ್ಲೇಟ್ ಮೇಲೆ ಬೇಗ ಬೆಳೆಯುವ ಜಾತಿಗಳು. ಹಾಗೆಂದು ಡಂಪ್‌ನಲ್ಲಿ ಅವುಗಳದ್ದೇ ಪಾರುಪತ್ಯ ಎಂದುಕೊಳ್ಳಬೇಡಿ.

ಹಾಗಿದ್ದರೂ 12 ಕಾಲನಿಗಳನ್ನು ಎಸೆಯಬೇಡಿ. ಯಾವ ಡಿಎನ್‌ಎ ಪಟ್ಟಿಯೂ ಕೊಡದ ಒಂದು ವಸ್ತು ನಿಮ್ಮ ಕೈಯಲ್ಲಿದೆ, ಜೀವಂತ ಬ್ಯಾಕ್ಟೀರಿಯಾ. ಅದಕ್ಕೆ ಪ್ಲಾಸ್ಟಿಕ್ ಕೊಟ್ಟು ನೋಡಬಹುದು, ಆಂಟಿಬಯಾಟಿಕ್ ಕೊಟ್ಟು ನೋಡಬಹುದು. ಒಂದೊಂದನ್ನೂ ಮೂರು ಸಲ ಹೊಸ ಪ್ಲೇಟಿಗೆ ಗೆರೆ ಎಳೆದು ಶುದ್ಧ ಮಾಡಿ, ಗ್ಲಿಸರಾಲ್‌ನಲ್ಲಿ ಎತ್ತಿಡಿ. ಆಮೇಲೆ ಮುಂದಿನ ಮಾತು.

16ಎಸ್ ಎಂದರೇನು ಎಂದು ನಿಮಗೆ ಗೊತ್ತೇ ಇದೆ. ಆದರೂ ಯಾಕೆ ಅದೇ ಜೀನ್ ಎನ್ನುವುದನ್ನು ಒಂದೆರಡು ಮಾತಿನಲ್ಲಿ ಹೇಳಿಬಿಡುತ್ತೇನೆ, ವೈವಾದಲ್ಲಿ ಕೇಳುತ್ತಾರೆ. ಪ್ರೋಟೀನ್ ಕಟ್ಟುವ ರೈಬೋಸೋಮ್ ಇಲ್ಲದೆ ಯಾವ ಜೀವಿಯೂ ಇಲ್ಲ. ಅದರ ಒಂದು ಭಾಗವೇ 16ಎಸ್ ಆರ್‌ಎನ್‌ಎ. ಇ. ಕೊಲೈಯಲ್ಲಿ ಇದರ ಉದ್ದ 1542 ಅಕ್ಷರ. ಕೆಲವು ಕಡೆ ಇದು ಎಲ್ಲ ಬ್ಯಾಕ್ಟೀರಿಯಾದಲ್ಲೂ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ನಡುನಡುವೆ ಒಂಬತ್ತು ತುಂಡುಗಳು ಜಾತಿಯಿಂದ ಜಾತಿಗೆ ಬದಲಾಗುತ್ತವೆ. ಬದಲಾಗದ ಕಡೆ ಪ್ರೈಮರ್ (ಪ್ರತಿ ತೆಗೆಯುವುದನ್ನು ಶುರು ಮಾಡುವ ಸಣ್ಣ ಡಿಎನ್‌ಎ ಚೂರು) ಅಂಟಿಸುತ್ತೇವೆ, ಬದಲಾಗುವ ಕಡೆ ಓದುತ್ತೇವೆ. 1977ರಲ್ಲಿ ಕಾರ್ಲ್ ವೋಸ್ ಮತ್ತು ಜಾರ್ಜ್ ಫಾಕ್ಸ್ ಇದೇ ಅಣುವನ್ನು ಹೋಲಿಸಿ ನೋಡಿ, ಬ್ಯಾಕ್ಟೀರಿಯಾ ಎಂದುಕೊಂಡಿದ್ದ ಗುಂಪಿನಿಂದ ಆರ್ಕಿಯಾವನ್ನು ಬೇರೆ ಮಾಡಿದರು. ಅವರು ಮೊದಲು ಬೇರೆ ಎಂದು ಕಂಡದ್ದು ಮೀಥೇನ್ ಉತ್ಪಾದಿಸುವ ಜೀವಿಗಳನ್ನು. ಇದು ನಿಮ್ಮ ಡಂಪ್‌ಗೆ ನೇರ ಸಂಬಂಧಪಟ್ಟ ವಿಷಯ. ಕಸದ ಗುಡ್ಡದಲ್ಲಿ ಮೀಥೇನ್ ಮಾಡುವವು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ. ನಿಮ್ಮ ಕಾಲೇಜಿನಲ್ಲಿ ಇರುವುದು ಬಹುಶಃ 27ಎಫ್ ಮತ್ತು 1492ಆರ್ ಪ್ರೈಮರ್ ಜೋಡಿ. ಶುದ್ಧ ಕಾಲನಿಗೆ ಅದು ಚೆನ್ನಾಗಿದೆ. ಆದರೆ 27ಎಫ್ ಬ್ಯಾಕ್ಟೀರಿಯಾಗೆ ಮಾಡಿದ್ದು, ಆರ್ಕಿಯಾವನ್ನು ಹಿಡಿಯುವುದಿಲ್ಲ. ಮಣ್ಣಿನ ಇಡೀ ಸಮುದಾಯ ನೋಡಬೇಕೆಂದರೆ 515ಎಫ್ ಮತ್ತು 806ಆರ್ ಜೋಡಿ ಕೇಳಿ. ಅದು ಎರಡನ್ನೂ ಹಿಡಿಯುತ್ತದೆ.

ಇನ್ನು ಮಣ್ಣು. ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ. ನೀವು ಬರೆದದ್ದು 'ಸ್ವಲ್ಪ ಮಣ್ಣು ತಂದು' ಎಂದು. ಎಲ್ಲಿಂದ? ಎಷ್ಟು ಆಳದಿಂದ? ಎಷ್ಟು ವರ್ಷದ ಕಸ ಅದು? ಇದು ಗೊತ್ತಿಲ್ಲದಿದ್ದರೆ ಮುಂದೆ ಎಷ್ಟು ದುಬಾರಿ ಯಂತ್ರದಲ್ಲಿ ಓದಿಸಿದರೂ ಬಂದ ಪಟ್ಟಿಗೆ ಅರ್ಥ ಇರುವುದಿಲ್ಲ. ಕಸ ಬಿದ್ದ ಹೊಸದರಲ್ಲಿ ಗಾಳಿ ಬೇಕಾದ ಬ್ಯಾಕ್ಟೀರಿಯಾ ಕೆಲಸ ಮಾಡುತ್ತವೆ. ಆಮ್ಲಜನಕ ಮುಗಿದ ಮೇಲೆ ಹುಳಿ ಬರಿಸುವವು ಬರುತ್ತವೆ, ಪಿಎಚ್ ಇಳಿಯುತ್ತದೆ. ಆಮೇಲೆ ಮೀಥೇನ್ ಮಾಡುವ ಆರ್ಕಿಯಾ. ಮೇಲೆ ಮುಚ್ಚಿದ ಮಣ್ಣಿನಲ್ಲಿ ಆ ಮೀಥೇನನ್ನೇ ತಿಂದು ಬದುಕುವ ಬೇರೆಯೇ ಬ್ಯಾಕ್ಟೀರಿಯಾ ಇರುತ್ತವೆ. ಒಂದೇ ಗುಡ್ಡದಲ್ಲಿ ಮೇಲಿನ 10 ಸೆಂಟಿಮೀಟರ್ ಒಂದು ಲೋಕ, ಒಂದು ಮೀಟರ್ ಕೆಳಗೆ ಇನ್ನೊಂದು. ಎರಡನ್ನೂ ಒಂದೇ ಚೀಲಕ್ಕೆ ಹಾಕಿದರೆ ಯಾವುದೂ ತಿಳಿಯುವುದಿಲ್ಲ.

ಯಾವ ಭಾಗ ಯಾವ ವರ್ಷದ್ದು ಎನ್ನುವುದು ಕಚೇರಿಯ ಕಾಗದದಲ್ಲಿ ಸಿಗುವುದು ಕಡಿಮೆ. ಅಲ್ಲಿ ಕಸ ಆಯುವ ಹೆಂಗಸರನ್ನು ಕೇಳಿ. ಬೆಂಗಳೂರಿನ ಹೊರಗಿನ ಒಂದು ಹಳೆಯ ಡಂಪ್‌ನಲ್ಲಿ ನಾವು ನಕ್ಷೆ ಹಿಡಿದು ಒದ್ದಾಡುತ್ತಿದ್ದಾಗ ಒಬ್ಬ ಅಜ್ಜಿ ಬಂದು, ಕೋಲಿನಲ್ಲಿ ನೆಲ ಕೆದಕಿ, ಹಾಲಿನ ಪ್ಯಾಕೆಟ್ ಒಂದನ್ನು ಎತ್ತಿ ತೋರಿಸಿದರು. ಅದರ ಮೇಲಿನ ತಾರೀಖು ಅಳಿಸಿರಲಿಲ್ಲ. 'ಇಲ್ಲಿಂದ ಆ ಬೇವಿನ ಮರದ ತನಕ ಒಂದೇ ವರ್ಷದ್ದು ಕಣಮ್ಮ, ಅದರಾಚೆ ಬರೀ ಕಟ್ಟಡದ ಮಣ್ಣು' ಎಂದರು. ಆವತ್ತು ನಮ್ಮ ಸ್ಯಾಂಪಲ್ ಜಾಗಗಳನ್ನೆಲ್ಲ ಬದಲಾಯಿಸಿಕೊಂಡೆವು. ಅವರು ಹೇಳಿದ ಗಡಿ ಕೊನೆಗೆ ಡಿಎನ್‌ಎ ಫಲಿತಾಂಶದಲ್ಲೂ ಹಾಗೇ ಬಂತು.

ಪ್ರತಿ ಜಾಗದಲ್ಲೂ ಐದು ಕಡೆ ಅಗೆದು, ಒಂದೇ ಆಳದ ಮಣ್ಣನ್ನು ಬೆರೆಸಿ ಒಂದು ಸ್ಯಾಂಪಲ್ ಮಾಡಿ. ಅಂಥ ಸ್ಯಾಂಪಲ್ ಕಡಿಮೆ ಎಂದರೂ ಮೂರು ಬೇಕು. ಡಂಪ್‌ನಿಂದ ಆಚೆ, ಕೊಳೆನೀರು ಹರಿಯದ ಎತ್ತರದ ಕಡೆಯಿಂದ ಅದೇ ಥರದ ಮಣ್ಣನ್ನು ಮೂರು ಸ್ಯಾಂಪಲ್ ತನ್ನಿ. ಇದಿಲ್ಲದೆ 'ಡಂಪ್‌ನಲ್ಲಿ ಇಂಥದ್ದು ಹೆಚ್ಚಿದೆ' ಎಂದು ಹೇಳಲು ಬಾರದು. ಯಾವುದಕ್ಕಿಂತ ಹೆಚ್ಚು ಎಂದು ಕೇಳಿದರೆ ಏನು ಹೇಳುತ್ತೀರಿ, ಅಲ್ವಾ? ಪಿಎಚ್, ತೇವ, ಬಿಸಿ ಮೂರನ್ನೂ ಸ್ಥಳದಲ್ಲೇ ಬರೆದುಕೊಳ್ಳಿ. ಮಣ್ಣನ್ನು ಐಸ್ ಪೆಟ್ಟಿಗೆಯಲ್ಲಿ ತಂದು, ಅವತ್ತೇ ಫ್ರೀಜರಿಗೆ ಹಾಕಿ. ಬೆಚ್ಚಗಿನ ಕಾರಿನ ಡಿಕ್ಕಿಯಲ್ಲಿ ಒಂದು ರಾತ್ರಿ ಇಟ್ಟರೆ ಬೇಗ ಬೆಳೆಯುವವು ಬೆಳೆದುಬಿಡುತ್ತವೆ. ಆಮೇಲೆ ನೀವು ಓದುವುದು ಡಂಪ್‌ನ ಕಥೆಯಲ್ಲ, ಡಿಕ್ಕಿಯ ಕಥೆ.

ಕೈಗೆ ದಪ್ಪ ಗ್ಲೌಸ್, ಕಾಲಿಗೆ ಗಟ್ಟಿ ಬೂಟು ಇಲ್ಲದೆ ಹೋಗಬೇಡಿ. ಸೂಜಿ, ಗಾಜು ಇರುತ್ತವೆ. ಟಿಟಿ ಇಂಜೆಕ್ಷನ್ ಹಾಕಿಸಿಕೊಳ್ಳಿ. ಒಬ್ಬರೇ ಹೋಗಬೇಡಿ, ಮಳೆ ಬಂದಾಗ ಗುಡ್ಡದ ಬುಡದಲ್ಲಿ ನಿಲ್ಲಬೇಡಿ. 2019ರ ಆಗಸ್ಟ್‌ನಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ರಾಶಿ ಮಳೆಗೆ ಜಾರಿ ಮಂದಾರದ ಮನೆ ತೋಟಗಳ ಮೇಲೆ ಹೋಗಿದ್ದನ್ನು ನಿಮ್ಮ ಕಡೆಯವರು ಮರೆತಿರಲಾರರು.

ಈಗ ಡಿಎನ್‌ಎ ತೆಗೆಯುವ ಕೆಲಸ. ಪುಸ್ತಕದಲ್ಲಿ ಇದು ಒಂದು ಸಾಲು, ಲ್ಯಾಬ್‌ನಲ್ಲಿ ಎರಡು ವಾರ. ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಗಟ್ಟಿ ಗೋಡೆಯವು ಇವೆ, ಮೆತ್ತಗಿನವು ಇವೆ. ಬರೀ ರಾಸಾಯನಿಕ ಹಾಕಿದರೆ ಮೆತ್ತಗಿನವು ಒಡೆಯುತ್ತವೆ. ಗಟ್ಟಿಯವು, ಅದರಲ್ಲೂ ಬೀಜಕದ ರೂಪದಲ್ಲಿ ಇರುವ ಬ್ಯಾಸಿಲಸ್, ಕ್ಲಾಸ್ಟ್ರಿಡಿಯಂ, ಹಾಗೇ ಉಳಿದುಬಿಡುತ್ತವೆ. ಕೊನೆಯ ಪಟ್ಟಿಯಲ್ಲಿ ಅವು ಇಲ್ಲವೇ ಇಲ್ಲ ಎನ್ನುವ ಹಾಗೆ ಕಾಣುತ್ತದೆ. ಅದಕ್ಕೇ ಟ್ಯೂಬಿಗೆ ಸಣ್ಣ ಗಾಜಿನ ಮಣಿ ಹಾಕಿ ಜೋರಾಗಿ ಅಲುಗಾಡಿಸುವ ಪದ್ಧತಿ ಇರುವುದು. ಆ ಹಂತವನ್ನು ಬಿಡಬೇಡಿ. ಎಲ್ಲ ಸ್ಯಾಂಪಲ್‌ಗೂ ಒಂದೇ ಹೊತ್ತು, ಒಂದೇ ವೇಗ ಇರಲಿ.

ಡಂಪ್ ಮಣ್ಣಿನಿಂದ ಮೊದಲ ಸಲ ಡಿಎನ್‌ಎ ತೆಗೆದಾಗ ಟ್ಯೂಬ್‌ನಲ್ಲಿ ಏನಿರುತ್ತದೆ ಗೊತ್ತಾ? ತೆಳು ಕಾಫಿ ಡಿಕಾಕ್ಷನ್ ಬಣ್ಣದ ನೀರು. ಡಿಎನ್‌ಎಗೆ ಬಣ್ಣ ಇಲ್ಲ. ಆ ಕಂದು ಬಣ್ಣ ಹ್ಯೂಮಿಕ್ ಆಮ್ಲದ್ದು, ಕೊಳೆತ ಸೊಪ್ಪುಸದೆಯಿಂದ ಬಂದದ್ದು. ಅದು ಪಿಸಿಆರ್‌ನ, ಅಂದರೆ ಡಿಎನ್‌ಎಯ ಪ್ರತಿ ತೆಗೆಯುವ ಕ್ರಿಯೆಯ, ಕಿಣ್ವವನ್ನು ಕಟ್ಟಿಹಾಕುತ್ತದೆ. ಡಿಎನ್‌ಎ ಎಷ್ಟೇ ಇದ್ದರೂ ಜೆಲ್‌ನಲ್ಲಿ ಬ್ಯಾಂಡ್ (ಡಿಎನ್‌ಎಯ ಗೆರೆ) ಬರುವುದಿಲ್ಲ. ಹೊಸಬರು ಆಗ ಡಿಎನ್‌ಎ ಕಡಿಮೆಯಾಯಿತು ಎಂದುಕೊಂಡು ಇನ್ನಷ್ಟು ಸುರಿಯುತ್ತಾರೆ. ಆಗ ಹ್ಯೂಮಿಕ್ ಆಮ್ಲವೂ ಇನ್ನಷ್ಟು ಬೀಳುತ್ತದೆ. ಮಾಡಬೇಕಾದ್ದು ಇದರ ಉಲ್ಟಾ. ಹತ್ತು ಪಟ್ಟು ತೆಳು ಮಾಡಿ ಹಾಕಿ, ಆಗಲಿಲ್ಲ ಎಂದರೆ ಐವತ್ತು ಪಟ್ಟು. ಪಿಸಿಆರ್ ಮಿಶ್ರಣಕ್ಕೆ ಸ್ವಲ್ಪ ಬಿಎಸ್‌ಎ ಎಂಬ ಪ್ರೋಟೀನ್ ಸೇರಿಸಿ, ಅದು ಹ್ಯೂಮಿಕ್ ಆಮ್ಲವನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಡಿಎನ್‌ಎಯ ಶುದ್ಧತೆ ಅಳೆಯುವ ನ್ಯಾನೋಡ್ರಾಪ್ ಯಂತ್ರದಲ್ಲಿ ನೋಡುವಾಗ 260/280 ಅನುಪಾತ 1.8 ಬಂತೆಂದು ಸಮಾಧಾನಪಡಬೇಡಿ. ಮಣ್ಣಿಗೆ ಮುಖ್ಯ 260/230. ಅದು 2ರ ಹತ್ತಿರ ಇರಬೇಕು. 0.5, 0.6 ಬಂದರೆ ಇನ್ನೊಮ್ಮೆ ತೊಳೆಯಬೇಕು ಎಂದೇ ಅರ್ಥ.

ಪಿಸಿಆರ್ ಒಂದು ಸುತ್ತಿಗೆ ಪ್ರತಿಗಳನ್ನು ಎರಡು ಪಟ್ಟು ಮಾಡುತ್ತದೆ. 30 ಸುತ್ತಿಗೆ ಲೆಕ್ಕದ ಪ್ರಕಾರ ಒಂದು ಅಣು 100 ಕೋಟಿ ದಾಟುತ್ತದೆ. ಅದರ ಶಕ್ತಿ ಅದೇ, ಅಪಾಯವೂ ಅದೇ. ನನಗೆ ಇದನ್ನು ಕಲಿಸಿದ್ದು ಒಂದು ಖಾಲಿ ಟ್ಯೂಬ್.

ಪಿಎಚ್‌ಡಿಯ ಎರಡನೇ ವರ್ಷ. ಆರು ಮಣ್ಣಿನ ಸ್ಯಾಂಪಲ್, ಜೊತೆಗೆ ಮಣ್ಣೇ ಹಾಕದ ಒಂದು ಟ್ಯೂಬ್. ಅದೇ ಕಿಟ್, ಅದೇ ನೀರು, ಅದೇ ಹಂತಗಳು, ಮಣ್ಣು ಮಾತ್ರ ಇಲ್ಲ. ಜೆಲ್ ಓಡಿಸಿ ಯುವಿ ದೀಪ ಹಾಕಿದೆ. ಆರು ಬ್ಯಾಂಡ್ ಹೊಳೆಯಿತು, 1500ರ ಹತ್ತಿರ, ಸರಿಯಾದ ಜಾಗದಲ್ಲಿ. ಏಳನೆಯದೂ ಹೊಳೆಯಿತು. ಮಸುಕಾಗಿ, ಆದರೆ ಇತ್ತು. ನಾನು ಅದನ್ನು ನೋಡಿಯೂ ನೋಡದ ಹಾಗೆ ಜೆಲ್ ಎಸೆದೆ. 'ಮಸುಕು ತಾನೆ' ಎಂದು ಮುಂದಕ್ಕೆ ಹೋದೆ. ಫಲಿತಾಂಶ ಬಂದಾಗ ಆರರಲ್ಲೂ ರಾಲ್ಸ್ಟೋನಿಯಾ ಎಂಬ ಬ್ಯಾಕ್ಟೀರಿಯಾ ಇತ್ತು, ಎಲ್ಲದರಲ್ಲೂ. ಡಂಪ್‌ನಲ್ಲಿ ಇದು ಇಷ್ಟೊಂದು ವ್ಯಾಪಕವಾಗಿದೆ ಎಂದು ಖುಷಿಯಾಗಿ ಎರಡು ಪುಟ ಬರೆದೆ. ನನ್ನ ಗುರುಗಳು ಒಂದೇ ಪ್ರಶ್ನೆ ಕೇಳಿದರು: 'ಖಾಲಿ ಟ್ಯೂಬನ್ನೂ ಓದಿಸಿದ್ಯಾ?' ಓದಿಸಿರಲಿಲ್ಲ. ಆಮೇಲೆ ಓದಿಸಿದಾಗ ಅದರಲ್ಲೂ ಅದೇ ರಾಲ್ಸ್ಟೋನಿಯಾ. ಅದು ಮಣ್ಣಿನದ್ದಲ್ಲ, ಲ್ಯಾಬ್‌ನ ನೀರಿನದ್ದು. ಎಂಟು ತಿಂಗಳ ಕೆಲಸ ಮತ್ತೆ ಮಾಡಿದೆ.

ಇದು ನನ್ನೊಬ್ಬಳ ಪಾಡಲ್ಲ. 2014ರಲ್ಲಿ ಬ್ರಿಟನ್ನಿನ ಒಂದು ತಂಡ ಒಂದೇ ಒಂದು ಬ್ಯಾಕ್ಟೀರಿಯಾವನ್ನು, ಸಾಲ್ಮೊನೆಲ್ಲಾ ಬೊಂಗೋರಿಯನ್ನು, ಶುದ್ಧವಾಗಿ ಬೆಳೆಸಿ, ಹತ್ತು ಹತ್ತು ಪಟ್ಟು ತೆಳು ಮಾಡುತ್ತಾ ಓದಿಸಿ ನೋಡಿತು. ತೆಳುವಾದಷ್ಟೂ ಬೇರೆ ಬ್ಯಾಕ್ಟೀರಿಯಾಗಳ ಹೆಸರು ಹೆಚ್ಚುತ್ತಾ ಹೋದವು. ಎಲ್ಲ ಕಿಟ್‌ನಿಂದ, ನೀರಿನಿಂದ, ಲ್ಯಾಬ್‌ನಿಂದ ಬಂದವು. ಪಿಸಿಆರ್ ನಡೆಸುವ ಟ್ಯಾಕ್ ಕಿಣ್ವದ ವಿಷಯವೂ ಹಾಗೇ. ಅದರ ಮೂಲ ಅಮೆರಿಕದ ಯೆಲ್ಲೋಸ್ಟೋನ್‌ನ ಬಿಸಿನೀರ ಬುಗ್ಗೆಯ ಥರ್ಮಸ್ ಅಕ್ವಾಟಿಕಸ್. ಆದರೆ ಈಗ ಅದನ್ನು ಸಾಮಾನ್ಯವಾಗಿ ಇ. ಕೊಲೈ ಒಳಗೆ ತಯಾರಿಸುತ್ತಾರೆ. ಬಾಟಲಿಯಲ್ಲಿ ಇ. ಕೊಲೈ ಡಿಎನ್‌ಎ ಚೂರು ಉಳಿದಿರಬಹುದು. ನಿಮ್ಮ ಪಟ್ಟಿಯಲ್ಲಿ ಒಂದಿಷ್ಟು ಇ. ಕೊಲೈ ಕಂಡು, ನೀವು 'ಮಲದ ಬ್ಯಾಕ್ಟೀರಿಯಾ ಇದೆ' ಎಂದು ಬರೆದು, ಅದು ಹಳ್ಳಿಯವರ ಕಿವಿಗೆ ಬಿದ್ದರೆ? ಹಾಗಾಗಿ ಖಾಲಿ ಟ್ಯೂಬನ್ನು ಸ್ಯಾಂಪಲ್‌ನಷ್ಟೇ ಮರ್ಯಾದೆಯಿಂದ ನೋಡಿ. ಡಿಎನ್‌ಎ ತೆಗೆಯುವಾಗ ಒಂದು, ಪಿಸಿಆರ್ ಹಾಕುವಾಗ ಇನ್ನೊಂದು. ಬ್ಯಾಂಡ್ ಬರಲಿ ಬಿಡಲಿ, ಎರಡನ್ನೂ ಸೀಕ್ವೆನ್ಸಿಂಗ್‌ಗೆ (ಡಿಎನ್‌ಎ ಅಕ್ಷರಗಳನ್ನು ಓದಿಸಲು) ಕಳಿಸಿ. ದುಡ್ಡು ಸಾಲದಿದ್ದರೆ ಒಂದು ಮಣ್ಣಿನ ಸ್ಯಾಂಪಲ್ ಕಡಿಮೆ ಮಾಡಿ, ಖಾಲಿ ಟ್ಯೂಬ್ ಬಿಡಬೇಡಿ.

ನಿಮ್ಮ 12 ಕಾಲನಿಗಳಿಗೆ ಸ್ಯಾಂಗರ್ ಸೀಕ್ವೆನ್ಸಿಂಗ್ ಸಾಕು. ಎರಡೂ ಕಡೆಯಿಂದ ಓದಿಸಿ. ಒಂದು ಕಡೆಯಿಂದ ಚೆನ್ನಾಗಿ ಬರುವುದು 700ರಿಂದ 900 ಅಕ್ಷರ, ಎರಡನ್ನೂ ಜೋಡಿಸಿದರೆ ಹೆಚ್ಚುಕಡಿಮೆ ಪೂರ್ತಿ ಜೀನ್ ಸಿಗುತ್ತದೆ. ಕಂಪನಿಯವರು ಒಂದು ಅಕ್ಷರದ ಫೈಲ್, ಒಂದು ಗ್ರಾಫ್ ಫೈಲ್ ಕಳಿಸುತ್ತಾರೆ. ಗ್ರಾಫ್ ತೆರೆಯದೆ ಮುಂದೆ ಹೋಗಬೇಡಿ. ಒಂದೊಂದು ಅಕ್ಷರಕ್ಕೆ ಒಂದೊಂದು ಗುಡ್ಡೆ, ನಾಲ್ಕು ಬಣ್ಣ. ಗುಡ್ಡೆಗಳು ಬಿಡಿಬಿಡಿಯಾಗಿ, ಎತ್ತರಕ್ಕೆ ಇದ್ದರೆ ಸರಿ. ಒಂದೇ ಜಾಗದಲ್ಲಿ ಎರಡು ಬಣ್ಣದ ಗುಡ್ಡೆ, ಅದೂ ಉದ್ದಕ್ಕೂ ಇದ್ದರೆ ನಿಮ್ಮ ಕಾಲನಿಯಲ್ಲಿ ಎರಡು ಬ್ಯಾಕ್ಟೀರಿಯಾ ಬೆರೆತಿವೆ. ಮತ್ತೆ ಗೆರೆ ಎಳೆದು ಶುದ್ಧ ಮಾಡಬೇಕು. ಶುರುವಿನ ಮತ್ತು ಕೊನೆಯ ಒಂದಷ್ಟು ಅಕ್ಷರಗಳು ಯಾವಾಗಲೂ ಕೆಟ್ಟಿರುತ್ತವೆ, ಕತ್ತರಿಸಿ ತೆಗೆಯಿರಿ.

ಆಮೇಲೆ ಬ್ಲಾಸ್ಟ್, ಅಂದರೆ ನಿಮ್ಮ ಅಕ್ಷರಗಳನ್ನು ಡೇಟಾಬೇಸ್‌ನಲ್ಲಿ ಇರುವವುಗಳ ಜೊತೆ ಹೋಲಿಸುವುದು. ಇಲ್ಲಿ ವಿದ್ಯಾರ್ಥಿಗಳು ಮಾಡುವ ತಪ್ಪು ಒಂದೇ: ಮೇಲಿನ ಮೊದಲ ಹೆಸರನ್ನು ಎತ್ತಿ ಬರೆದುಕೊಳ್ಳುವುದು. ಆ ಹೆಸರು ಯಾರೋ ನಿಮ್ಮ ಹಾಗೇ ಅವಸರದಲ್ಲಿ ಹಾಕಿದ್ದಿರಬಹುದು. ಹುಡುಕುವಾಗ ಟೈಪ್ ಸ್ಟ್ರೈನ್‌ಗಳ ಪಟ್ಟಿಗೆ ಮಾತ್ರ ಸೀಮಿತ ಮಾಡಿಕೊಳ್ಳಿ. ಟೈಪ್ ಸ್ಟ್ರೈನ್ ಎಂದರೆ ಆ ಜಾತಿಗೆ ಹೆಸರಿಟ್ಟಾಗ ಅಧಿಕೃತವಾಗಿ ತೆಗೆದಿಟ್ಟ ಮೂಲ ಬ್ಯಾಕ್ಟೀರಿಯಾ. ಹೋಲಿಕೆ 98.65%ಕ್ಕಿಂತ ಕಡಿಮೆ ಇದ್ದರೆ ಬೇರೆ ಜಾತಿ ಇರಬಹುದು. ಅದಕ್ಕಿಂತ ಹೆಚ್ಚಿದ್ದರೆ ಅದೇ ಜಾತಿ ಎಂದು ಖಾತ್ರಿಯಾಗುವುದಿಲ್ಲ. ಈ ಎರಡನೇ ಮಾತನ್ನು ಬಹಳ ಜನ ಮರೆಯುತ್ತಾರೆ. ಬ್ಯಾಸಿಲಸ್ ಸೀರಿಯಸ್ ಅನ್ನ ಕೆಡಿಸುವಂಥದ್ದು. ಬ್ಯಾಸಿಲಸ್ ತುರಿಂಜಿಯೆನ್ಸಿಸ್ ಬೆಳೆಯ ಹುಳ ಕೊಲ್ಲಲು ಬಳಸುವಂಥದ್ದು. ಬ್ಯಾಸಿಲಸ್ ಆಂತ್ರಾಸಿಸ್ ಆಂತ್ರಾಕ್ಸ್ ರೋಗ ತರುವಂಥದ್ದು. ಮೂರರ 16ಎಸ್ ಹೆಚ್ಚುಕಡಿಮೆ ಒಂದೇ. ಇ. ಕೊಲೈ ಮತ್ತು ಷಿಗೆಲ್ಲಾ ಕೂಡ ಹಾಗೇ. ಇಂಥ ಕಡೆ ಗೈರ್‌ಬಿ, ಆರ್‌ಪಿಒಬಿ ಥರದ ಬೇರೆ ಜೀನ್ ಓದಿಸಬೇಕು, ಇಲ್ಲವೇ 'ಬ್ಯಾಸಿಲಸ್ ಸೀರಿಯಸ್ ಗುಂಪು' ಎಂದು ಬರೆದು ಅಲ್ಲಿಗೆ ನಿಲ್ಲಬೇಕು. ಗೊತ್ತಿರುವಷ್ಟೇ ಬರೆದರೆ ಯಾವ ಪರೀಕ್ಷಕರೂ ಅಂಕ ಕಳೆಯುವುದಿಲ್ಲ.

ಮಣ್ಣಿನ ಒಟ್ಟು ಸಮುದಾಯ ನೋಡಬೇಕೆಂದರೆ ಆಂಪ್ಲಿಕಾನ್ ಸೀಕ್ವೆನ್ಸಿಂಗ್. ಕಂಪನಿಯವರು ಇದನ್ನೂ ಮೆಟಾಜಿನೋಮಿಕ್ಸ್ ಎಂದೇ ಕರೆಯುವುದುಂಟು, ಆದರೆ ಎರಡೂ ಒಂದೇ ಅಲ್ಲ. ಆಂಪ್ಲಿಕಾನ್‌ನಲ್ಲಿ 16ಎಸ್‌ನ ಒಂದು ತುಂಡನ್ನು ಮಾತ್ರ ಓದುತ್ತಾರೆ. ಶಾಟ್‌ಗನ್ ಮೆಟಾಜಿನೋಮಿಕ್ಸ್‌ನಲ್ಲಿ ಮಣ್ಣಿನ ಎಲ್ಲ ಡಿಎನ್‌ಎಯನ್ನೂ ಚೂರು ಮಾಡಿ ಓದುತ್ತಾರೆ. ಅದರ ಖರ್ಚು ಜಾಸ್ತಿ, ಡೇಟಾ ಸಂಭಾಳಿಸಲು ಕಂಪ್ಯೂಟರ್ ಬಲವೂ ಬೇಕು. ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಆಂಪ್ಲಿಕಾನ್ ಸಾಕು ಎಂದೇ ನನ್ನ ಅಭಿಪ್ರಾಯ. ಕೇಳುವಾಗಲೇ ಮೂಲ ಫೈಲ್‌ಗಳು ಬೇಕೆಂದು ಹೇಳಿ. ಬಣ್ಣದ ಪೈ ಚಾರ್ಟ್ ಮಾತ್ರ ಕೊಟ್ಟರೆ ಒಪ್ಪಬೇಡಿ. ಈ ಫೈಲ್‌ಗಳನ್ನು ವಿಶ್ಲೇಷಿಸುವ ಕ್ವೈಮ್ 2 (QIIME 2) ಸಾಫ್ಟ್‌ವೇರ್ ಉಚಿತ, ಒಂದು ವಾರ ಕೂತರೆ ಕಲಿಯಬಹುದು. ನೀವೇ ಮಾಡಿದರೆ ಎಲ್ಲಿ ಏನು ಕತ್ತರಿಸಿದಿರಿ ಎಂದು ನಿಮಗೆ ಗೊತ್ತಿರುತ್ತದೆ. ಪಟ್ಟಿಯಲ್ಲಿ ಒಂದು ಕಡೆ ಫರ್ಮಿಕ್ಯೂಟ್ಸ್, ಇನ್ನೊಂದು ಕಡೆ ಬ್ಯಾಸಿಲೋಟಾ ಎಂದು ಕಂಡರೆ ಗಾಬರಿಯಾಗಬೇಡಿ. 2021ರಲ್ಲಿ ದೊಡ್ಡ ಗುಂಪುಗಳ ಹೆಸರು ಬದಲಾದವು, ಎರಡೂ ಒಂದೇ.

ಬಂದ ಶೇಕಡಾ ಲೆಕ್ಕವನ್ನು ಹುಷಾರಾಗಿ ಓದಿ. ಕ್ಲಾಸ್ಟ್ರಿಡಿಯಂ 10%ನಿಂದ 20%ಕ್ಕೆ ಏರಿತು ಎಂದರೆ ಅದು ಹೆಚ್ಚಾಯಿತು ಎಂದೇನಿಲ್ಲ. ಉಳಿದವು ಸತ್ತು ಕಡಿಮೆಯಾಗಿದ್ದರೂ ಪಾಲು ಏರುತ್ತದೆ. ನಿಜವಾದ ಸಂಖ್ಯೆ ಬೇಕೆಂದರೆ ಜೀನ್‌ನ ಪ್ರತಿಗಳನ್ನು ಎಣಿಸುವ ಕ್ಯೂಪಿಸಿಆರ್ ಮಾಡಬೇಕು. ಇನ್ನೊಂದು ವಿಷಯ: ಈ ಜೀನ್ ಎಲ್ಲ ಬ್ಯಾಕ್ಟೀರಿಯಾದಲ್ಲೂ ಒಂದೇ ಸಲ ಇರುವುದಿಲ್ಲ. ಕ್ಷಯದ ಬ್ಯಾಕ್ಟೀರಿಯಾದಲ್ಲಿ ಒಂದು, ಇ. ಕೊಲೈಯಲ್ಲಿ ಏಳು, ಬ್ಯಾಸಿಲಸ್ ಸಟಿಲಿಸ್‌ನಲ್ಲಿ ಹತ್ತು. ಹತ್ತು ಪ್ರತಿ ಇರುವುದು ಒಂದೇ ಇದ್ದರೂ ಹತ್ತು ಇದ್ದ ಹಾಗೆ ಲೆಕ್ಕಕ್ಕೆ ಬರುತ್ತದೆ.

ಸತ್ತವುಗಳ ಮಾತೂ ಇದೆ. ಬ್ಯಾಕ್ಟೀರಿಯಾ ಸತ್ತರೂ ಅದರ ಡಿಎನ್‌ಎ ಮಣ್ಣಿನ ಕಣಕ್ಕೆ ಅಂಟಿಕೊಂಡು ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಉಳಿಯುತ್ತದೆ. ಅಮೆರಿಕದಲ್ಲಿ ಹಲವು ಬಗೆಯ ಮಣ್ಣುಗಳನ್ನು ಪರೀಕ್ಷಿಸಿದಾಗ ಸರಾಸರಿ 40% ಡಿಎನ್‌ಎ ಇಂಥ ಸತ್ತ ಜೀವಕೋಶಗಳದ್ದು ಎಂದು ಕಂಡುಬಂತು. ಪಟ್ಟಿಯಲ್ಲಿ ಹೆಸರಿದೆ ಎಂದ ಮಾತ್ರಕ್ಕೆ ಅದು ಈಗ ಅಲ್ಲಿ ಬದುಕಿದೆ ಎಂದಲ್ಲ. ಬೆಂಗಳೂರಿನ ಮಾವಳ್ಳಿಪುರದಲ್ಲಿ 2012ರಲ್ಲಿ, ಮಂಡೂರಿನಲ್ಲಿ 2014ರ ಕೊನೆಗೆ, ಊರಿನವರ ಹೋರಾಟದ ನಂತರ ಕಸ ಹಾಕುವುದು ನಿಂತಿತು. ಅಂಥ ಹಳೆಯ ಗುಡ್ಡಗಳಲ್ಲಿ ಕೆಲಸ ಮಾಡುವವರು ಇದನ್ನು ಇನ್ನೂ ಹೆಚ್ಚು ನೆನಪಿಡಬೇಕು. ಪಿಎಂಎ ಎಂಬ ಬಣ್ಣ ಹಾಕಿ ಬೆಳಕು ಕೊಟ್ಟರೆ ಸತ್ತವುಗಳ ಡಿಎನ್‌ಎಯನ್ನು ಪಿಸಿಆರ್‌ನಿಂದ ಹೊರಗಿಡಬಹುದು. ಆದರೆ ಮಣ್ಣು ಬೆಳಕನ್ನು ತಡೆಯುವುದರಿಂದ ಅದು ನೀರಿನಲ್ಲಿ ಆದಷ್ಟು ಸಲೀಸಾಗಿ ಆಗುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ನಿಮ್ಮ ಮೂರನೇ ಪ್ರಶ್ನೆ. ಪ್ಲಾಸ್ಟಿಕ್ ತಿನ್ನುವವು ಇವೆಯಾ? 16ಎಸ್ ಹೆಸರು ಹೇಳುತ್ತದೆ, ಕಸುಬು ಹೇಳುವುದಿಲ್ಲ. 2016ರಲ್ಲಿ ಜಪಾನಿನ ಸಕಾಯಿ ಊರಿನ ಬಾಟಲಿ ಮರುಬಳಕೆ ಘಟಕದ ಹೊರಗಿನ ಸ್ಯಾಂಪಲ್‌ನಿಂದ ಪಿಇಟಿ ಪ್ಲಾಸ್ಟಿಕ್ ಒಡೆಯುವ ಬ್ಯಾಕ್ಟೀರಿಯಾ ಸಿಕ್ಕಿದ್ದನ್ನು ಓದಿರುತ್ತೀರಿ. ಐಡಿಯೋನೆಲ್ಲಾ ಸಕಾಯಿಯೆನ್ಸಿಸ್ ಎಂದು ಹೆಸರಿಟ್ಟರು. ಅವರು ಹೆಸರಿನಿಂದ ಶುರು ಮಾಡಲಿಲ್ಲ. ಸ್ಯಾಂಪಲ್‌ಗೆ ಪಿಇಟಿ ಹಾಳೆಯನ್ನೇ ಆಹಾರವಾಗಿ ಕೊಟ್ಟು, ಬೆಳೆದದ್ದನ್ನು ಬೇರ್ಪಡಿಸಿ, ಕಿಣ್ವ ಹುಡುಕಿದರು. ನಿಮ್ಮ ಪಟ್ಟಿಯಲ್ಲಿ ಐಡಿಯೋನೆಲ್ಲಾ ಬಂದರೂ ಅದು ಪ್ಲಾಸ್ಟಿಕ್ ತಿನ್ನುತ್ತದೆ ಎಂದು ಬರೆಯಬೇಡಿ. ಆ ಗುಂಪಿನ ಉಳಿದವೆಲ್ಲ ಹಾಗೆ ಮಾಡುತ್ತವೆ ಎಂದೇನಿಲ್ಲ. ಆದರೆ ನಿಮ್ಮ ಹತ್ತಿರ 12 ಜೀವಂತ ಕಾಲನಿ ಇವೆಯಲ್ಲ, ಅವುಗಳಿಗೆ ಪ್ಲಾಸ್ಟಿಕ್ ತುಂಡು ಕೊಟ್ಟು, ಬೇರೆ ಆಹಾರ ಇಲ್ಲದ ದ್ರಾವಣದಲ್ಲಿ ಇಟ್ಟು ನೋಡಿ. ಬ್ಯಾಕ್ಟೀರಿಯಾ ಹಾಕದ ಪ್ಲಾಸ್ಟಿಕ್ ತುಂಡನ್ನೂ ಪಕ್ಕದಲ್ಲಿ ಇಡಿ. ತೂಕ ಸ್ವಲ್ಪ ಕಡಿಮೆಯಾದರೆ ಹಿಗ್ಗಬೇಡಿ. ಪ್ಲಾಸ್ಟಿಕ್ ಮೆತ್ತಗಾಗಲು ಹಾಕಿದ ರಾಸಾಯನಿಕ ಹೊರಬಂದರೂ ತೂಕ ಇಳಿಯುತ್ತದೆ.

ಮೀಥೇನ್ ವಿಷಯದಲ್ಲಿ ಮಾತ್ರ ಡಿಎನ್‌ಎ ನೇರವಾಗಿ ಕೆಲಸಕ್ಕೆ ಬರುತ್ತದೆ. ಮೀಥೇನ್ ಮಾಡುವವುಗಳಲ್ಲಿ ಎಂಸಿಆರ್‌ಎ ಎಂಬ ಜೀನ್ ಇರುತ್ತದೆ, ಮೀಥೇನ್ ತಿನ್ನುವ ಹೆಚ್ಚಿನವುಗಳಲ್ಲಿ ಪಿಎಂಒಎ. ಮೇಲಿನ ಮಣ್ಣು, ಕೆಳಗಿನ ಮಣ್ಣು ಎರಡರಲ್ಲೂ ಈ ಎರಡು ಜೀನ್‌ಗಳನ್ನು ಕ್ಯೂಪಿಸಿಆರ್‌ನಲ್ಲಿ ಎಣಿಸಿದರೆ, ಗುಡ್ಡದ ಯಾವ ಆಳದಲ್ಲಿ ಯಾವ ಕೆಲಸ ಮಾಡುವವು ಹೆಚ್ಚಿವೆ ಎಂದು ಕಾಣುತ್ತದೆ. ನನ್ನನ್ನು ಕೇಳಿದರೆ ನಿಮ್ಮ ಪ್ರಾಜೆಕ್ಟ್‌ಗೆ ಇದು ಪ್ಲಾಸ್ಟಿಕ್‌ಗಿಂತ ಒಳ್ಳೆಯ ಪ್ರಶ್ನೆ. ಡಂಪ್‌ಗಳಲ್ಲಿ ಬೇಸಿಗೆಯಲ್ಲಿ ಬೆಂಕಿ ಬೀಳುವುದಕ್ಕೂ ಮೀಥೇನ್‌ಗೂ ಸಂಬಂಧ ಇದೆ. 2023ರ ಮಾರ್ಚ್‌ನಲ್ಲಿ ಕೊಚ್ಚಿಯ ಬ್ರಹ್ಮಪುರಂ ಕಸ ಹೊತ್ತಿಕೊಂಡು ಊರಿಗೆಲ್ಲ ಹೊಗೆ ಕವಿದದ್ದನ್ನು ನೋಡಿದ್ದೇವೆ. ಮುಚ್ಚಿದ ಮಣ್ಣಿನಲ್ಲಿ ಮೀಥೇನ್ ತಿನ್ನುವವು ಚೆನ್ನಾಗಿವೆಯಾ ಎನ್ನುವುದು ಪಾಲಿಕೆಗೂ ಉಪಯೋಗಕ್ಕೆ ಬರುವ ಮಾಹಿತಿ.

ರೋಗ ತರುವವುಗಳ ಬಗ್ಗೆ ಒಂದು ಕೋರಿಕೆ. ಆಂಪ್ಲಿಕಾನ್‌ನಲ್ಲಿ ಓದುವುದು ಕೆಲವು ನೂರು ಅಕ್ಷರ ಮಾತ್ರ. ಅದರಿಂದ ಹೆಚ್ಚೆಂದರೆ ಕುಲದ ಹೆಸರು ಸಿಗುತ್ತದೆ. ಒಂದೇ ಕುಲದಲ್ಲಿ ರೋಗ ತರುವುದೂ ಇರುತ್ತದೆ, ಏನೂ ಮಾಡದೆ ಮಣ್ಣಿನಲ್ಲಿ ಬದುಕುವುದೂ ಇರುತ್ತದೆ. 'ವಿಬ್ರಿಯೋ ಕಂಡುಬಂದಿದೆ' ಎಂಬ ಸಾಲು ಕರಾವಳಿಯ ಮಣ್ಣಿನಲ್ಲಿ ದೊಡ್ಡ ವಿಷಯವೇ ಅಲ್ಲ, ಉಪ್ಪುನೀರಲ್ಲಿ ಅವು ಸಹಜವಾಗಿಯೇ ಇರುತ್ತವೆ. ಅದೇ ಸಾಲು ಊರಿನ ವಾಟ್ಸಾಪ್ ಗುಂಪಿಗೆ ಹೋದರೆ 'ಕಾಲರಾ ಬಂದಿದೆ' ಎಂದಾಗುತ್ತದೆ. ಆ ಹಳ್ಳಿಯ ಹೆಣ್ಣುಮಕ್ಕಳು ಮಾರುವ ಸೊಪ್ಪನ್ನು ಯಾರೂ ಕೊಳ್ಳದ ಹಾಗಾಗಬಾರದು. ಡಂಪ್ ಪಕ್ಕದ ಜನ ಆಗಲೇ ಸಾಕಷ್ಟು ಅನುಭವಿಸಿದ್ದಾರೆ. ಸಂಶಯ ಇರುವ ಬ್ಯಾಕ್ಟೀರಿಯಾಗೆ ಅದರದೇ ರೋಗಕಾರಕ ಜೀನ್ ಹುಡುಕುವ ಪಿಸಿಆರ್ ಮಾಡಿ, ಬೆಳೆಸಿ ಖಚಿತ ಮಾಡಿಕೊಂಡ ಮೇಲಷ್ಟೇ ಬರೆಯಿರಿ.

ಇನ್ನು ನಿಮ್ಮ ಸಮಯ. ಜೂನ್‌ನಲ್ಲಿ ಮಳೆ ಹಿಡಿದರೆ ಮೇಲಿನ ಮಣ್ಣೆಲ್ಲ ಕಲಸಿಹೋಗುತ್ತದೆ, ಆಳದ ಲೆಕ್ಕ ಇಡುವುದು ಕಷ್ಟ. ಮೇ ಮುಗಿಯುವುದರೊಳಗೆ ಪಾಲಿಕೆಯಿಂದ ಅನುಮತಿ ಪತ್ರ ತೆಗೆದುಕೊಂಡು ಹೊಸದಾಗಿ ಸ್ಯಾಂಪಲ್ ಮಾಡಿ. ಡಂಪ್‌ನ ಮೂರು, ಆಚೆಯ ಮೂರು, ಖಾಲಿ ಟ್ಯೂಬ್ ಎರಡು. ಆಳ ಎರಡು ಬೇಕೆಂದರೆ ಡಂಪ್‌ನದ್ದು ಆರಾಗುತ್ತದೆ. ಅದೇ ದಿನ ಎರಡೂ ಬಾವಿಗಳ ನೀರನ್ನು ಶುದ್ಧ ಬಾಟಲಿಯಲ್ಲಿ ತುಂಬಿ, ಐಸ್‌ನಲ್ಲಿ ಇಟ್ಟು, ಅವತ್ತೇ ಜಿಲ್ಲೆಯ ನೀರು ಪರೀಕ್ಷಾ ಲ್ಯಾಬ್‌ಗೆ ತಲುಪಿಸಿ. ವರದಿ ಬಂದ ಮೇಲೆ ನೀವೇ ಹೋಗಿ, ಕೇಳಿದವರ ಮನೆ ಜಗಲಿಯಲ್ಲಿ ಕೂತು ಓದಿ ಹೇಳಿ.